ನಿಲ್ಲಿಸುವ ದೀಪ, ನಿಧಾನಿಸುವ ವೃತ್ತ

ನಗರದ ಕೂಡುರಸ್ತೆಗಳಲ್ಲಿ ಸಿಗ್ನಲ್ ದೀಪಗಳನ್ನು ತೆಗೆದು ಸಂಚಾರ ವೃತ್ತಗಳನ್ನು ಕಟ್ಟಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮಲೆನಾಡಿಗೆ ಸಂಬಂಧಪಟ್ಟದ್ದಲ್ಲ. ತೋಟಕ್ಕೆ ಕೊಳೆರೋಗ, ಗದ್ದೆಗೆ ಕಾಡುಹಂದಿ, ಮನೆಯ ಹಿಂದಿನ ಧರೆ ಕುಸಿಯುವ ಭಯ ಇರುವಾಗ ಪೇಟೆಯ ಕೆಂಪು ದೀಪದ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಆದರೆ ನಗರದ ಒಂದು ಕೂಡುರಸ್ತೆ ಕಟ್ಟಿಕೊಂಡರೆ ಅದರ ಬಿಸಿ ಬಹುದೂರದವರೆಗೆ ತಟ್ಟುತ್ತದೆ. ಸಿಗ್ನಲ್ ಸಾಲದೆಂದು ರಸ್ತೆ ಅಗಲವಾಗುತ್ತದೆ. ಅಗಲವಾಗುವ ರಸ್ತೆಗೆ ಸಾಲುಮರಗಳು ಬಲಿಯಾಗುತ್ತವೆ. ಅದೂ ಸಾಲದೆಂದು ಮೇಲ್ಸೇತುವೆ ಏಳುತ್ತದೆ. ಮೇಲ್ಸೇತುವೆಯ ಜಲ್ಲಿಗಾಗಿ ಯಾವುದೋ ಊರಿನ ಗುಡ್ಡ ಸಿಡಿಯುತ್ತದೆ, ಮರಳಿಗಾಗಿ ಯಾವುದೋ ಹೊಳೆಯ ಒಡಲು ಬರಿದಾಗುತ್ತದೆ. ಈ ಸರಪಳಿಯ ಮೊದಲ ಕೊಂಡಿ ಕೂಡುರಸ್ತೆಯಲ್ಲಿದೆ. ಅಲ್ಲಿ ಯಾವ ಏರ್ಪಾಡು ಇರಬೇಕೆಂಬ ವಿಚಾರವನ್ನು ಪೊಲೀಸರಿಗೂ ಎಂಜಿನಿಯರುಗಳಿಗೂ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಜೀವದ ಪ್ರಶ್ನೆಯೂ ಇದರಲ್ಲಿದೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಓದಿಗಾಗಿ, ಚಿಕಿತ್ಸೆಗಾಗಿ, ಕೋರ್ಟು ಕಚೇರಿಗಳ ಕೆಲಸಕ್ಕಾಗಿ ಮಲೆನಾಡಿನಿಂದ ನಗರಕ್ಕೆ ಹೋಗುವವರಲ್ಲಿ ಬಹಳಷ್ಟು ಜನ ಬಸ್ಸಿನಿಂದ ಇಳಿದು ಕಾಲ್ನಡಿಗೆಯಲ್ಲೇ ರಸ್ತೆ ದಾಟುವವರು ಎಂಬುದನ್ನು ನೆನೆದರೆ ಈ ಅಂಕಿಗಳು ದೂರದವೆನಿಸುವುದಿಲ್ಲ.

ಮೊದಲು ಮಾತಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಕನ್ನಡನಾಡಿನ ಆಡುಮಾತಿನಲ್ಲಿ ನಾಲ್ಕು ರಸ್ತೆ ಕೂಡುವ ಪ್ರತಿಯೊಂದು ಜಾಗವೂ ‘ಸರ್ಕಲ್’. ಬೆಂಗಳೂರಿನ ಎಷ್ಟೋ ಸರ್ಕಲ್‌ಗಳಲ್ಲಿ ಇಂದು ವೃತ್ತವೇ ಇಲ್ಲ, ಹೆಸರು ಮಾತ್ರ ಉಳಿದಿದೆ. ನಿಜವಾದ ಸಂಚಾರ ವೃತ್ತಕ್ಕೆ ಮೂರು ಲಕ್ಷಣಗಳಿವೆ. ನಡುವೆ ಒಂದು ದ್ವೀಪವಿದ್ದು ಎಲ್ಲ ವಾಹನಗಳೂ ಅದನ್ನು ಒಂದೇ ದಿಕ್ಕಿನಲ್ಲಿ, ಅಂದರೆ ಭಾರತದಲ್ಲಿ ಪ್ರದಕ್ಷಿಣೆಯ ದಿಕ್ಕಿನಲ್ಲಿ, ಸುತ್ತಬೇಕು. ಒಳಬರುವ ವಾಹನ ಆಗಲೇ ಒಳಗೆ ಸುತ್ತುತ್ತಿರುವ ವಾಹನಕ್ಕೆ ದಾರಿ ಬಿಡಬೇಕು. ಒಳಬರುವ ಬಾಯಿ ಕಿರಿದಾಗಿ, ಬಾಗಿರಬೇಕು. ವೇಗ ತಗ್ಗಿಸದೆ ಯಾರೂ ಒಳನುಗ್ಗಲಾಗಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಪ್ರತಿಮೆಗೊಂದು ಕಟ್ಟೆಯಾದೀತೇ ಹೊರತು ಸಂಚಾರ ವೃತ್ತವಾಗದು.

ವೃತ್ತದ ಗುಣವನ್ನು ಕಾಗದದ ಮೇಲೆ ಗೆರೆ ಎಳೆದು ಯಾವ ವಿದ್ಯಾರ್ಥಿಯಾದರೂ ಕಂಡುಕೊಳ್ಳಬಹುದು. ನಾಲ್ಕು ರಸ್ತೆ ಸೇರುವ ಸಾಮಾನ್ಯ ಕೂಡುರಸ್ತೆಯಲ್ಲಿ ಒಂದು ವಾಹನದ ದಾರಿ ಇನ್ನೊಂದರ ದಾರಿಯನ್ನು ಕಡಿಯುವ, ಸೇರುವ, ಅಗಲುವ ಬಿಂದುಗಳು ಒಟ್ಟು 32. ಅವುಗಳಲ್ಲಿ 16 ನೇರವಾಗಿ ಒಂದನ್ನೊಂದು ಕಡಿಯುವ ಬಿಂದುಗಳು. ಅಡ್ಡಲಾಗಿ ಪಕ್ಕೆಗೆ ಗುದ್ದುವ ಮಾರಕ ಅಪಘಾತಗಳು ನಡೆಯುವುದು ಅಲ್ಲಿಯೇ. ಒಂದೇ ಪಥದ ವೃತ್ತದಲ್ಲಿ ಇಂಥ ಬಿಂದುಗಳು ಎಂಟಕ್ಕೆ ಇಳಿಯುತ್ತವೆ, ಕಡಿಯುವ ಬಿಂದು ಒಂದೂ ಉಳಿಯುವುದಿಲ್ಲ. ವಾಹನಗಳು ಓರೆಯಾಗಿ ಬಂದು ಸೇರುತ್ತವೆ, ಓರೆಯಾಗಿ ಬಿಟ್ಟುಹೋಗುತ್ತವೆ. ಸಿಗ್ನಲ್ ದೀಪವಾದರೋ ಈ ಬಿಂದುಗಳನ್ನು ಕಾಲದಲ್ಲಿ ಬೇರ್ಪಡಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಎಲ್ಲರೂ ದೀಪವನ್ನು ಪಾಲಿಸುವವರೆಗೆ ಎಲ್ಲವೂ ಸರಿ. ಒಬ್ಬ ಮುರಿದ ಕ್ಷಣದಲ್ಲಿ ಹದಿನಾರೂ ಬಿಂದುಗಳು ಮತ್ತೆ ಜೀವ ತಳೆಯುತ್ತವೆ.

ಎರಡನೆಯ ಕಾರಣ ವೇಗ. ಚಲಿಸುವ ವಸ್ತುವಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ 25ಕ್ಕೆ ಇಳಿದರೆ ಅದರ ಹೊಡೆತದ ಶಕ್ತಿ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಹಸಿರು ದೀಪ ಹಳದಿಯಾಗುವ ಮೊದಲು ದಾಟಿಬಿಡಬೇಕೆಂದು ಚಾಲಕ ವೇಗ ಹೆಚ್ಚಿಸುತ್ತಾನೆ. ವೃತ್ತದ ಬಾಯಲ್ಲಿ ಅದೇ ಚಾಲಕ, ಅದೇ ಸ್ವಭಾವದವನಾಗಿದ್ದೂ, ಬಾಗಿದ ದಾರಿಯ ಕಾರಣದಿಂದಲೇ ನಿಧಾನಿಸಬೇಕಾಗುತ್ತದೆ. ಮನುಷ್ಯ ತಪ್ಪು ಮಾಡುತ್ತಾನೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಆ ತಪ್ಪಿಗೆ ಮರಣದಂಡನೆ ಆಗದಂತೆ ನೋಡಿಕೊಳ್ಳುವ ಏರ್ಪಾಡು ಇದು.

ಅನುಭವವೂ ಇದನ್ನೇ ಹೇಳುತ್ತದೆ. ಸಿಗ್ನಲ್ ಇದ್ದ ಕೂಡುರಸ್ತೆಯನ್ನು ವೃತ್ತವಾಗಿ ಮಾರ್ಪಡಿಸಿದಲ್ಲಿ ಸಾವು ಮತ್ತು ಗಾಯ ತರುವ ಅಪಘಾತಗಳು ಶೇಕಡಾ 78ರಷ್ಟು ತಗ್ಗುತ್ತವೆಂದು ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ ಲೆಕ್ಕ ಕೊಟ್ಟಿದೆ. ಅದೇ ದೇಶದ ಇಂಡಿಯಾನಾ ರಾಜ್ಯದಲ್ಲಿ ಕಾರ್ಮೆಲ್ ಎಂಬ ನಗರವಿದೆ. ಜನಸಂಖ್ಯೆ ಸುಮಾರು ಒಂದು ಲಕ್ಷ. 1996ರಿಂದ 2023ರವರೆಗೆ ಮೇಯರ್ ಆಗಿದ್ದ ಜಿಮ್ ಬ್ರೈನರ್ಡ್ ಅವರ ಕಾಲದಲ್ಲಿ ಆ ನಗರ ಒಂದೊಂದಾಗಿ ಸಿಗ್ನಲ್‌ಗಳನ್ನು ಕಿತ್ತು 150ಕ್ಕೂ ಹೆಚ್ಚು ವೃತ್ತಗಳನ್ನು ಕಟ್ಟಿಕೊಂಡಿತು. ಕಾರ್ಮೆಲ್ ಶ್ರೀಮಂತರ ಊರು, ಅಲ್ಲಿ ಜಾಗ ಧಾರಾಳ, ದ್ವಿಚಕ್ರ ವಾಹನಗಳು ವಿರಳ. ಅಲ್ಲಿನ ಅಂಕಿಗಳು ಹುಬ್ಬಳ್ಳಿಗೋ ಮಂಗಳೂರಿಗೋ ಹಾಗೆಯೇ ಒಪ್ಪುತ್ತವೆಂದು ಯಾರೂ ಹೇಳಲಾರರು. ಆದರೆ ಪಕ್ಕೆಗೆ ಗುದ್ದುವ ಬಿಂದು ಇಲ್ಲದಿರುವುದೂ ವೇಗ ತಗ್ಗುವುದೂ ಯಾವ ದೇಶದಲ್ಲಿಯೂ ಒಂದೇ.

‘ನಮ್ಮ ಜನಕ್ಕೆ ಶಿಸ್ತಿಲ್ಲ, ಇಲ್ಲಿ ವೃತ್ತ ನಡೆಯದು’ ಎಂಬ ಆಕ್ಷೇಪ ತಕ್ಷಣ ಕೇಳಿಬರುತ್ತದೆ. ಈ ಮಾತಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್, ಪ್ಯಾರಿಸ್ ನಗರಗಳಲ್ಲಿ ಕಟ್ಟಿದ ಮೊದಲ ವೃತ್ತಗಳು ಸಂಚಾರ ಹೆಚ್ಚಿದಂತೆ ಕಟ್ಟಿಕೊಳ್ಳತೊಡಗಿದವು. ಒಳಬರುವವನಿಗೆ ಮೊದಲ ಹಕ್ಕು ಎಂಬ ಪದ್ಧತಿಯೇ ಅದಕ್ಕೆ ದೊಡ್ಡ ಕಾರಣ. ಒಳಗಿನವರು ಹೊರಹೋಗುವ ಮೊದಲೇ ಹೊರಗಿನವರು ನುಗ್ಗಿದರೆ ವೃತ್ತ ತುಂಬಿ ಯಾರೂ ಅಲುಗಾಡಲಾಗದ ಸ್ಥಿತಿ ಬರುತ್ತದೆ. ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದಲ್ಲಿ ಫ್ರಾಂಕ್ ಬ್ಲ್ಯಾಕ್‌ಮೋರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳ ಹಿನ್ನೆಲೆಯಲ್ಲಿ 1966ರಲ್ಲಿ ಬ್ರಿಟನ್ ಆ ಪದ್ಧತಿಯನ್ನು ತಿರುಗಿಸಿತು: ಒಳಬರುವವನು ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ಬದಲಾದದ್ದು ಜನರ ಸ್ವಭಾವವಲ್ಲ, ಒಂದು ಸಾಲಿನ ನಿಯಮ. ಭಾರತದಲ್ಲಿಯೂ 1989ರ ರಸ್ತೆ ನಿಯಮಗಳಲ್ಲಿ, ಮುಖ್ಯರಸ್ತೆಯೆಂದು ಗುರುತಿಸದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂದು ಬರೆದಿತ್ತು. ಚಾಲನಾ ಪರವಾನಗಿ ಪಡೆದ ಎಷ್ಟು ಜನರಿಗೆ ಈ ಮಾತನ್ನು ಯಾರಾದರೂ ಕಲಿಸಿದ್ದಾರೆ? ಕಲಿಸದ ಪಾಠಕ್ಕೆ ಜನರನ್ನು ನಾಪಾಸು ಮಾಡುವುದು ನ್ಯಾಯವಲ್ಲ.

ಶಿಸ್ತಿಲ್ಲದ ಜನ ಕೆಂಪು ದೀಪವನ್ನು ಮಾತ್ರ ಪಾಲಿಸುತ್ತಾರೆಯೆ? ರಾತ್ರಿ ಹತ್ತು ಗಂಟೆಯ ಮೇಲೆ, ಪೊಲೀಸರಿಲ್ಲದ ಕಡೆ, ವಿದ್ಯುತ್ ಕೈಕೊಟ್ಟಾಗ ಆ ದೀಪದ ಗತಿ ಏನೆಂಬುದು ಎಲ್ಲರಿಗೂ ಗೊತ್ತು. ತೋಟದ ಕಾಲುವೆಯಲ್ಲಿ ನೀರು ಓಡಿ ಮಣ್ಣು ಕೊಚ್ಚಿಹೋಗುತ್ತಿದ್ದರೆ ರೈತ ನೀರಿಗೆ ಬುದ್ಧಿ ಹೇಳುತ್ತ ಕೂರುವುದಿಲ್ಲ. ಕಾಲುವೆಗೆ ಬಾಗು ಕೊಡುತ್ತಾನೆ, ಅಡ್ಡಗಟ್ಟು ಹಾಕುತ್ತಾನೆ. ರಸ್ತೆಗೂ ಇದೇ ಸಲ್ಲುತ್ತದೆ. ರಾಜ್ಯದಲ್ಲಿ ವೃತ್ತಗಳ ನಗರವೆಂದರೆ ಮೈಸೂರು. ಅರಮನೆಯೆದುರಿನ ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ, ಹಿಂದೆ ಹಾರ್ಡಿಂಜ್ ವೃತ್ತವೆಂದು ಕರೆಯುತ್ತಿದ್ದ ಜಯಚಾಮರಾಜೇಂದ್ರ ವೃತ್ತಗಳನ್ನು ಸುತ್ತಿ ಹೋಗುವುದನ್ನು ಅಲ್ಲಿನ ಜನ ತಲೆಮಾರುಗಳಿಂದ ರೂಢಿ ಮಾಡಿಕೊಂಡಿದ್ದಾರೆ. ಅವರೂ ಇದೇ ನಾಡಿನವರು.

ಇಷ್ಟಾದರೂ ವೃತ್ತ ಸರ್ವರೋಗ ನಿವಾರಕವಲ್ಲ. ಮಣ್ಣು ಮಳೆಯನ್ನು ಒಂದು ಮಿತಿಯವರೆಗೆ ಹೀರುತ್ತದೆ. ಮಿತಿ ಮೀರಿದ ಮೇಲೆ ಬಿದ್ದ ನೀರೆಲ್ಲ ಮೇಲೆಯೇ ಹರಿಯುತ್ತದೆ. ವೃತ್ತಕ್ಕೂ ಅಂಥ ಮಿತಿ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1976ರಲ್ಲಿ ಹೊರತಂದ ಮಾರ್ಗಸೂಚಿ, ಎಲ್ಲ ದಿಕ್ಕುಗಳಿಂದ ಸೇರಿ ಗಂಟೆಗೆ ಸುಮಾರು 3,000 ವಾಹನಗಳವರೆಗೆ ವೃತ್ತ ನಿಭಾಯಿಸಬಲ್ಲುದೆಂದು ಹೇಳಿತ್ತು. 2017ರಲ್ಲಿ ಅದು ಪರಿಷ್ಕೃತವಾಯಿತು. ಬೆಂಗಳೂರಿನ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅಲ್ಲಿನ ಹೆದ್ದಾರಿಯ ಕೂಡುರಸ್ತೆಗಳಲ್ಲಿ ಸಿಗ್ನಲ್ ಕಿತ್ತು ವೃತ್ತ ಕಟ್ಟಿದರೆ ಎರಡೇ ದಿನದಲ್ಲಿ ಪೊಲೀಸರು ನಡುವೆ ನಿಂತು ಕೈಸನ್ನೆ ಮಾಡಬೇಕಾದೀತು. 1950ರ ದಶಕದಲ್ಲಿ ವಿಶಾಲ ವೃತ್ತಗಳೊಂದಿಗೆ ರೂಪುಗೊಂಡ ಚಂಡೀಗಢದಲ್ಲಿಯೇ ಸಂಚಾರ ಹೆಚ್ಚಿದ ಹಲವು ವೃತ್ತಗಳಿಗೆ ದೀಪಗಳನ್ನು ಜೋಡಿಸಬೇಕಾಗಿ ಬಂದಿದೆ. ಒಂದು ರಸ್ತೆಯಲ್ಲಿ ಮಾತ್ರ ಪ್ರವಾಹದಂತೆ ವಾಹನಗಳಿದ್ದು ಉಳಿದವುಗಳಲ್ಲಿ ಅಪರೂಪಕ್ಕೊಂದು ಬರುವಲ್ಲಿಯೂ ವೃತ್ತ ಸೋಲುತ್ತದೆ. ಚಿಕ್ಕ ರಸ್ತೆಯವನಿಗೆ ಒಳಬರುವ ಸಂದಿಯೇ ಸಿಗುವುದಿಲ್ಲ.

ಪಾದಚಾರಿಗಳ ಆಕ್ಷೇಪ ಇನ್ನೂ ಗಂಭೀರವಾದುದು. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ನೆಟ್ಟ ಜಗತ್ತಿನ ಮೊದಲ ಸಂಚಾರ ದೀಪ ಕಾಲ್ನಡಿಗೆಯವರು ಸುರಕ್ಷಿತವಾಗಿ ದಾಟಲೆಂದೇ ಇತ್ತು. ಕೆಂಪು ದೀಪ ನಡೆಯುವವನಿಗೆ ಕೆಲವು ಕ್ಷಣಗಳನ್ನಾದರೂ ಮೀಸಲಿಡುತ್ತದೆ. ವೃತ್ತದಲ್ಲಿ ವಾಹನಗಳ ಸಾಲು ಮುಗಿಯುವುದೇ ಇಲ್ಲವೆಂಬ ಭಯ ವೃದ್ಧರನ್ನು ಕಾಡುತ್ತದೆ. ದೃಷ್ಟಿಯಿಲ್ಲದವರು ವಾಹನಗಳು ನಿಂತ ಸದ್ದನ್ನು ಕೇಳಿ ದಾಟುವುದನ್ನು ಕಲಿತಿರುತ್ತಾರೆ. ನಿರಂತರ ಸದ್ದಿನ ವೃತ್ತದಲ್ಲಿ ಆ ಸುಳಿವು ಸಿಗದು. ಸೈಕಲ್ ಸವಾರರಿಗೆ ಎರಡು ಮೂರು ಪಥಗಳ ದೊಡ್ಡ ವೃತ್ತಗಳು ಅಪಾಯಕಾರಿಯೆಂಬುದು ಯುರೋಪಿನ ಅನುಭವ. ನೆದರ್ಲೆಂಡಿನಲ್ಲಿ ವೃತ್ತವನ್ನು ಕಿರಿದು ಮಾಡಿ, ಹಲವೆಡೆ ಸೈಕಲ್ಲಿಗೆ ಬೇರೆ ದಾರಿ ಕೊಟ್ಟಿರುವುದು ಅದಕ್ಕಾಗಿಯೇ. ಆದ್ದರಿಂದ ದಾಟುವ ಜಾಗ ವೃತ್ತದ ಬಾಯಿಂದ ಒಂದು ಕಾರಿನ ಉದ್ದದಷ್ಟು ಹಿಂದಿರಬೇಕು. ರಸ್ತೆಯ ನಡುವೆ ನಿಲ್ಲಲು ಎತ್ತರಿಸಿದ ಕಟ್ಟೆಯಿದ್ದು, ಒಮ್ಮೆಗೆ ಒಂದೇ ದಿಕ್ಕಿನ ವಾಹನಗಳನ್ನು ನೋಡಿ ದಾಟುವಂತಿರಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬಳಿ ಗುಂಡಿ ಒತ್ತಿದರೆ ವಾಹನಗಳನ್ನು ನಿಲ್ಲಿಸುವ ದೀಪವೊಂದನ್ನು ಅಲ್ಲಿ ಅಳವಡಿಸಬಹುದು. ಇವಿಲ್ಲದ ವೃತ್ತವನ್ನು ಪರಿಸರದ ಹೆಸರಿನಲ್ಲಿ ಸಮರ್ಥಿಸುವುದು ಸಲ್ಲದು.

ಇಂಧನದ ವಿಷಯದಲ್ಲಿಯೂ ಉತ್ಪ್ರೇಕ್ಷೆ ಬೇಡ. ಒಂದು ಟನ್ ತೂಕದ ಕಾರು ಪೂರ್ತಿ ನಿಂತು ಮತ್ತೆ 50 ಕಿಲೋಮೀಟರ್ ವೇಗಕ್ಕೆ ಏರಲು ಸುಮಾರು 12ರಿಂದ 15 ಮಿಲಿಲೀಟರ್ ಪೆಟ್ರೋಲ್ ಸುಡುತ್ತದೆಂದು ಲೆಕ್ಕ ಹಾಕಬಹುದು. ವೃತ್ತದಲ್ಲಿ 25ಕ್ಕೆ ಇಳಿದು ಮತ್ತೆ 50ಕ್ಕೆ ಏರಿದರೂ ಅದರ ಮುಕ್ಕಾಲು ಪಾಲು ಖರ್ಚಾಗುತ್ತದೆ. ಹಸಿರು ದೀಪದಲ್ಲಿ ತಡೆಯಿಲ್ಲದೆ ಸಾಗಿದವರಿಗೆ ಆ ಖರ್ಚೂ ಇಲ್ಲ. ನಿಜವಾದ ಉಳಿತಾಯ ಇರುವುದು ಕಾಯುವ ಹೊತ್ತಿನಲ್ಲಿ: ಎದುರಿನ ರಸ್ತೆ ಖಾಲಿಯಿದ್ದರೂ ಎಂಜಿನ್ ಉರಿಸುತ್ತ ನಿಲ್ಲುವ ಮಧ್ಯಾಹ್ನಗಳಲ್ಲಿ, ರಾತ್ರಿಗಳಲ್ಲಿ. ಉಳಿಯುವ ಪೆಟ್ರೋಲಿಗಿಂತ ಉಳಿಯುವ ಜೀವವೇ ವೃತ್ತದ ಪರವಾದ ದೊಡ್ಡ ವಾದ.

ಹಾಗಿದ್ದರೂ ಪರಿಸರದ ಮಾತು ಇಲ್ಲಿಗೆ ಮುಗಿಯುವುದಿಲ್ಲ. ವೃತ್ತವನ್ನು ಒಡೆದ ಮೇಲೆ ಆ ಜಾಗಕ್ಕೆ ಏನು ಬಂತು ಎಂಬುದನ್ನು ನೋಡಬೇಕು. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಮಹಾವೀರ ವೃತ್ತವಿತ್ತು. ಅದನ್ನು ತೆರವುಗೊಳಿಸಿ ಕಟ್ಟಿದ ಮೇಲ್ಸೇತುವೆ ವರ್ಷಾನುಗಟ್ಟಲೆ ಕುಂಟಿ 2020ರ ಜನವರಿ ಕೊನೆಗೆ ಸಂಚಾರಕ್ಕೆ ತೆರೆಯಿತು. ಜೋರು ಮಳೆ ಬಂದರೆ ಅದರ ಬುಡ ಇಂದಿಗೂ ಕೆರೆಯಾಗುತ್ತದೆ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆಯನ್ನು 2016ರಲ್ಲಿ ಯೋಜಿಸಿದಾಗ 812 ಮರಗಳು ಉರುಳುವುದಿತ್ತು. ಜನರು ಬೀದಿಗಿಳಿದು ಕೈಕೈ ಹಿಡಿದು ನಿಂತದ್ದರಿಂದ 2017ರ ಮಾರ್ಚಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ 2023ರ ಮೇ 21ರಂದು ಒಂದು ಮಧ್ಯಾಹ್ನದ ಮಳೆಗೆ ನೀರು ತುಂಬಿ, ಕಾರಿನಲ್ಲಿ ಸಿಕ್ಕಿಕೊಂಡ ಯುವತಿಯೊಬ್ಬಳು ಪ್ರಾಣ ಬಿಟ್ಟಳು. ಸುತ್ತಲಿನ ನೆಲವೆಲ್ಲ ಡಾಂಬರು, ಕಾಂಕ್ರೀಟು ಆಗಿರುವ ಕಡೆ ರಸ್ತೆಯನ್ನು ಹಳ್ಳ ತೋಡಿ ಇಳಿಸಿದರೆ ನೀರು ಅಲ್ಲಿಗೇ ಹರಿಯುತ್ತದೆ. ಇದನ್ನು ಗದ್ದೆಯ ಬದುವಿನಲ್ಲಿ ನಿಂತ ಯಾವ ರೈತನೂ ಹೇಳಬಲ್ಲ.

ಬೆಂಗಳೂರಿನ ಮಟ್ಟಿಗೆ ಬಹಳಷ್ಟು ಕಡೆ ಕಾಲ ಮೀರಿದೆ. ಅಲ್ಲಿ ಮೊದಲು ಆಗಬೇಕಾದದ್ದು ಬಸ್ಸು, ರೈಲುಗಳನ್ನು ಹೆಚ್ಚಿಸಿ ವಾಹನಗಳ ಸಂಖ್ಯೆಯನ್ನೇ ತಗ್ಗಿಸುವ ಕೆಲಸ. ಆದರೆ ಶಿವಮೊಗ್ಗ, ಹಾಸನ, ಚಿಕ್ಕಮಗಳೂರು, ಮಡಿಕೇರಿ, ಶಿರಸಿಗಳಂಥ ಊರುಗಳಿಗೆ, ಬೆಳೆಯುತ್ತಿರುವ ಬಡಾವಣೆಗಳಿಗೆ ಆಯ್ಕೆಯ ಅವಕಾಶ ಇನ್ನೂ ಇದೆ. ಒಂದೇ ಪಥದ ವೃತ್ತಕ್ಕೆ ಸುಮಾರು 30ರಿಂದ 50 ಮೀಟರ್ ಅಡ್ಡಳತೆ ಬೇಕು. ಅಷ್ಟು ಜಾಗವಿಲ್ಲದ ಇಕ್ಕಟ್ಟಿನ ಪೇಟೆಗಳಿಗೆ ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಕಿರುವೃತ್ತವಿದೆ: ನಡುವಿನ ದ್ವೀಪ ತೀರ ತಗ್ಗಿನದು, ಉದ್ದದ ಬಸ್ಸು ಲಾರಿಗಳು ತಿರುಗುವಾಗ ಅದರ ಮೇಲೆ ಚಕ್ರ ಹಾಯಿಸಬಹುದು. ಪ್ರತಿಮೆಯ ಕಟ್ಟೆಯನ್ನೇ ವೃತ್ತವೆಂದು ಭಾವಿಸುವುದು ನಮ್ಮ ಊರುಗಳ ರೂಢಿ. ಮಡಿಕೇರಿಯಲ್ಲಿ 2023ರ ಆಗಸ್ಟಿನಲ್ಲಿ ಬಸ್ಸೊಂದು ಗುದ್ದಿ ಜನರಲ್ ತಿಮ್ಮಯ್ಯನವರ ಪ್ರತಿಮೆಯೇ ಉರುಳಿತ್ತು. ಪ್ರತಿಮೆಗೆ ಗೌರವ ಸಲ್ಲಬೇಕು. ಆದರೆ ಸಂಚಾರವನ್ನು ಕಾಯುವುದು ಪ್ರತಿಮೆಯಲ್ಲ, ಅದರ ಸುತ್ತಲಿನ ರಸ್ತೆಯ ಆಕಾರ.

ಆದ್ದರಿಂದ ಉತ್ತರ ಇಷ್ಟು. ಎಲ್ಲ ಸಿಗ್ನಲ್‌ಗಳನ್ನೂ ಕಿತ್ತುಹಾಕಬೇಕೆಂಬುದು ಅವಿವೇಕ. ಆದರೆ ಹೊಸ ಸಿಗ್ನಲ್ ನೆಡುವ ಮೊದಲು, ರಸ್ತೆ ಅಗಲಿಸಲು ಮರಗಳಿಗೆ ಸಂಖ್ಯೆ ಬರೆಯುವ ಮೊದಲು, ಇಲ್ಲಿ ವೃತ್ತ ಸಾಧ್ಯವಿಲ್ಲವೆ ಎಂಬ ಪ್ರಶ್ನೆಗೆ ನಗರಸಭೆಯೂ ಲೋಕೋಪಯೋಗಿ ಇಲಾಖೆಯೂ ಬರಹದಲ್ಲಿ ಉತ್ತರ ಕೊಡುವಂತಾಗಬೇಕು. ಗಂಟೆಗೆ ಎಷ್ಟು ವಾಹನ ಬರುತ್ತವೆ, ಎಷ್ಟು ಜನ ನಡೆದು ದಾಟುತ್ತಾರೆ, ಜಾಗದ ಅಡ್ಡಳತೆ ಎಷ್ಟು ಎಂಬ ಮೂರು ಅಂಕಿಗಳಿಲ್ಲದ ಯಾವ ಯೋಜನೆಗೂ ಒಪ್ಪಿಗೆ ಸಿಗಬಾರದು. ಹಳೆಯ ವೃತ್ತವನ್ನು ಒಡೆಯುವ ಪ್ರಸ್ತಾವ ಬಂದಾಗಲಂತೂ, ಅದರ ಬಾಯಲ್ಲಿ ನಿಲ್ಲುವ ಬಸ್ಸು ಆಟೋಗಳನ್ನು ಮುಂದಕ್ಕೆ ಸರಿಸಿ, ಒಳಬರುವ ದಾರಿಯನ್ನು ಕಿರಿದುಗೊಳಿಸಿ, ದಾರಿ ಬಿಡುವ ಗೆರೆಯನ್ನು ಎಳೆದು ಒಂದು ವರ್ಷ ನೋಡಿದ ಮೇಲೆಯೇ ಮುಂದಿನ ಮಾತು.

ಈ ಅಂಕಿಗಳಿಗಾಗಿ ಇಲಾಖೆಯ ಬಾಗಿಲು ಕಾಯಬೇಕಾಗಿಯೂ ಇಲ್ಲ. ಕಾಲೇಜಿನ ಎಂಟು ವಿದ್ಯಾರ್ಥಿಗಳು ರಸ್ತೆಗಿಬ್ಬರಂತೆ ಒಂದು ವಾರದ ದಿನ, ಒಂದು ಸಂತೆಯ ದಿನ, ಪ್ರವಾಸಿಗರು ಮುತ್ತುವ ಒಂದು ಭಾನುವಾರ, ಬೆಳಿಗ್ಗೆ ಮತ್ತು ಸಂಜೆ ಎರಡೆರಡು ಗಂಟೆ ನಿಂತು ಗೆರೆ ಹಾಕಿದರೆ ಸಾಕು. ಬಸ್ಸು ಲಾರಿಗಳನ್ನು ಸುಮಾರು ಮೂರು ಕಾರುಗಳಿಗೆ ಸಮವೆಂದು ಹಿಡಿಯಬೇಕು. ದಾಟಲು ಕಾಯುವ ಮಕ್ಕಳನ್ನೂ ಮುದುಕರನ್ನೂ ಬೇರೆಯಾಗಿ ಎಣಿಸಬೇಕು, ಎಷ್ಟು ಹೊತ್ತು ಕಾದರೆಂಬುದನ್ನೂ ಬರೆದಿಡಬೇಕು. ಒಟ್ಟು ಸಂಖ್ಯೆ ಗಂಟೆಗೆ ಮೂರು ಸಾವಿರಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಆ ಕಾಗದದೊಂದಿಗೆ ನಗರಸಭೆಯ ಸಭೆಗೆ ಹೋಗಬಹುದು. ಹೊಳೆ, ಕಾಡು, ಗುಡ್ಡಗಳ ಪರವಾಗಿ ಲೆಕ್ಕ ಹಿಡಿದು ವಾದಿಸಿದ ಮಲೆನಾಡಿನ ಜನಕ್ಕೆ ಈ ಕೆಲಸ ಹೊಸದೇನಲ್ಲ. ಮಳೆಗಾಲ ಮುಗಿದು ಪ್ರವಾಸಿಗರ ಕಾಲ ಆರಂಭವಾಗುವ ಹೊತ್ತಿಗೆ ಪ್ರತಿ ತಾಲ್ಲೂಕಿನಲ್ಲಿ ಒಂದು ಕೂಡುರಸ್ತೆಯ ಎಣಿಕೆಯಾದರೂ ಮುಗಿದಿರಲಿ.